ನಮ್ಮ ಬೆಟ್ಟದ ಶಾಂತಲೆ: ಓದಿದೋರು ಏನಂತಾರೆ?



ರಾಗಿ ಒಕ್ಕಣೆ ಮುಗಿದು, ಸಂಕ್ರಾಂತಿಗೆ ಬೆಟ್ಟದ ಮೇಲೆ ಗಂಗಾಧರೇಶ್ವರನ ಗಿರಿಜಾ ಕಲ್ಯಾಣವೂ ಕಳೆದರೆ, ನಮ್ಮ ಕಡೆ ಹೆಂಗಸರಿಗೆ ಮಧ್ಯಾಹ್ನ ಒಂದಿಷ್ಟು ಬಿಡುವು. ಆ ಬಿಡುವಿನಲ್ಲಿ ಈ ಸಲ ನಮ್ಮ ಬೀದೀಲಿ ಶಾಂತಲೆ ಪುಸ್ತಕಗಳು ಮನೆಯಿಂದ ಮನೆಗೆ ಓಡಾಡ್ತಾ ಇವೆ. ಹೂ ಕಟ್ಟುವಾಗ, ಹುಣಸೆ ಹಣ್ಣು ಬಿಡಿಸುವಾಗ, ನಲ್ಲಿ ನೀರಿಗೆ ನಿಂತಾಗ, "ಎಲ್ಲೀಗಂಟ ಓದ್ದೆ? ಏನನ್ನಿಸ್ತು?" ಅನ್ನೋದೇ ಮಾತು. ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಅದನ್ನೆಲ್ಲ ಒಂದು ಕಡೆ ಬರೆದಿಡೋಣ, ಜೊತೆಗೆ ಚರಿತ್ರೆಯಲ್ಲಿ ಏನಿದೆ ಅಂತಾನೂ ಹೇಳೋಣ ಅಂತ ಕೂತಿದ್ದೀನಿ.

ಶಾಂತಲೆ ವಿಚಾರ ನಮಗೆ ಬೇರೆ ಊರಿನ ರಾಣಿ ಕಥೆಯಲ್ಲ. ಶಿವಗಂಗೆ ಬೆಟ್ಟ ಹತ್ತಿದವರೆಲ್ಲ ಹೊನ್ನಾದೇವಿ ನೋಡಿ, ಒಳಕಲ್ಲು ತೀರ್ಥಕ್ಕೆ ಕೈ ಹಾಕಿ, ಉಸಿರು ಬಿಡ್ತಾ ಮೇಲಿನ ಬಸವಣ್ಣನ ಹತ್ರ ಹೋಗ್ತಾರೆ. ಅಲ್ಲಿಂದಾಚೆಗೆ ಒಂದು ಕಡಿದಾದ ಬಂಡೆ ಅಂಚು. ಅದಕ್ಕೆ ಈಗ 'ಶಾಂತಲಾ ಡ್ರಾಪ್' ಅಂತ ಹೆಸರು. "ಹೊಯ್ಸಳರ ರಾಣಿ ಶಾಂತಲೆ ಮಕ್ಕಳಾಗಲಿಲ್ಲ ಅಂತ ನೊಂದು ಇಲ್ಲಿಂದ ಧುಮುಕಿದಳು" ಅಂತ ಬಂದವರಿಗೆಲ್ಲ ಹೇಳ್ತಾರೆ. ನಾವೂ ಚಿಕ್ಕವರಿದ್ದಾಗಿನಿಂದ ಅದನ್ನೇ ಕೇಳಿಕೊಂಡು ಬಂದವರು. ನಮ್ಮ ಹೆಣ್ಮಕ್ಕಳೂ ಶಾಲೆ ಪ್ರವಾಸದಲ್ಲಿ ಬಂದು ಅದನ್ನೇ ಕೇಳಿ, ಅಂಚಿನಲ್ಲಿ ನಿಂತು ಫೋಟೋ ತೆಗೆಸಿಕೊಂಡು ಇಳಿದು ಹೋಗ್ತಾರೆ.

ನಮ್ಮ ಬೀದೀಲಿ ಓಡಾಡ್ತಿರೋ ಪುಸ್ತಕ ಎರಡು. ಮೊದಲನೇದು ಕೆ.ವಿ. ಅಯ್ಯರ್ ಅವರ 'ಶಾಂತಲಾ'. ಈ ಅಯ್ಯರ್ ಯಾರು ಗೊತ್ತಾ? ಬೆಂಗಳೂರಲ್ಲಿ ಗರಡಿ ನಡೆಸ್ತಿದ್ದ ದೇಹದಾರ್ಢ್ಯದ ಮೇಷ್ಟ್ರು! ಹುಡುಗರಿಗೆ ಕಸರತ್ತು ಹೇಳಿಕೊಡ್ತಿದ್ದ ಮನುಷ್ಯ ಇಷ್ಟು ಮೆತ್ತಗೆ ಹೆಣ್ಣಿನ ಮನಸ್ಸು ಬರೆದಿದ್ದಾರಲ್ಲ ಅಂತ ನಮ್ಮ ಅತ್ತಿಗೆಗೆ ಆಶ್ಚರ್ಯ. ಅವರ ಶಾಂತಲೆ ತ್ಯಾಗದ ಹೆಣ್ಣು. ಕೊನೆಗೆ ನಮ್ಮ ಬೆಟ್ಟದಲ್ಲೇ ತಾನಾಗಿ ಪ್ರಾಣ ಬಿಡ್ತಾಳೆ. ಬೆಟ್ಟದ ಮೇಲೆ ಹೇಳೋ ಕಥೆಗೆ ಈ ಪುಸ್ತಕ ಒತ್ತಾಸೆ ಕೊಟ್ಟಂಗಾಯ್ತು.

ಎರಡನೇದು ಸಿ.ಕೆ. ನಾಗರಾಜರಾವ್ ಅವರ 'ಪಟ್ಟಮಹಾದೇವಿ ಶಾಂತಲದೇವಿ'. ಇದು ದಿಂಬಿನ ಹಂಗೆ ತಲೆಗಿಟ್ಟುಕೊಂಡು ಮಲಗೋವಷ್ಟು ದಪ್ಪ. 1983ರಲ್ಲಿ ಭಾರತೀಯ ಜ್ಞಾನಪೀಠದವರು ಮೂರ್ತಿದೇವಿ ಪ್ರಶಸ್ತಿ ಶುರು ಮಾಡಿದಾಗ ಅದು ಮೊದಲು ಬಂದಿದ್ದೇ ಈ ಕಾದಂಬರಿಗೆ, ನಮ್ಮ ಕನ್ನಡಕ್ಕೆ. ಇವರು ಶಾಸನಗಳನ್ನೆಲ್ಲ ತಿರುವಿ ಹಾಕಿ ಬರೆದವರು. ಇವರ ಶಾಂತಲೆಗೆ ಮಕ್ಕಳಿದ್ದಾರೆ, ರಾಜ್ಯದ ಕೆಲಸ ನೋಡ್ತಾಳೆ, ಹಾಡು ಕುಣಿತ ಶಿಲ್ಪ ಎಲ್ಲದರಲ್ಲೂ ಮುಂದೆ. ಮಕ್ಕಳಿಲ್ಲ ಅಂತ ಬೆಟ್ಟದಿಂದ ಧುಮುಕೋ ಹೆಂಗಸಲ್ಲ.

ಈಗ ಓದಿದೋರು ಏನಂತಾರೆ ಕೇಳಿ. ನಮ್ಮ ಅತ್ತಿಗೆ ಅಯ್ಯರ್ ಕಡೆ. "ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂತು ಕಣೆ. ಒಲೆ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ. ಪುಸ್ತಕ ಅಂದ್ರೆ ಅದು" ಅಂತಾರೆ. ಎದುರು ಮನೆ ಅಕ್ಕ ನಾಗರಾಜರಾವ್ ಕಡೆ. "ಅಳಿಸೋ ಕಥೆ ಟೀವೀಲಿ ದಿನಾ ಬತ್ತದೆ. ನಮಗೆ ಬೇಕಾಗಿರೋದು ತಲೆ ಎತ್ಕೊಂಡು ಬಾಳಿದೋಳ ಕಥೆ" ಅನ್ನೋದು ಅವರ ವಾದ. ನಮ್ಮ ಅತ್ತೆಗೆ ಕಣ್ಣು ಮಂಜು, ಓದೋಕಾಗಲ್ಲ, ಮೊಮ್ಮಗಳು ಓದಿ ಹೇಳ್ತಾಳೆ. ಅವರು ಎರಡನ್ನೂ ಕೇಳಿ, "ಅಲ್ಲಮ್ಮ, ಇಬ್ರೂ ಕಥೆ ಕಟ್ಟಿದೋರೇ ತಾನೆ? ಅವಳ ಕಾಲದೋರು ಯಾರೂ ಏನೂ ಬರೆದಿಡಲಿಲ್ವಾ?" ಅಂತ ಕೇಳಿದರು.

ಕೇಳಬೇಕಾದ ಪ್ರಶ್ನೆ ಅದೇ. ಬರೆದಿಟ್ಟಿದ್ದಾರೆ, ಕಲ್ಲಿನ ಮೇಲೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಆ ಶಾಸನ ಇದೆ. ಬಿ.ಎಲ್. ರೈಸ್ ಅಲ್ಲಿನ ಶಾಸನಗಳನ್ನ 1889ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ನಮ್ಮವರೇ ಆದ ಆರ್. ನರಸಿಂಹಾಚಾರ್ಯರು ತಿದ್ದಿ ಬೆಳೆಸಿ 1923ರಲ್ಲಿ ಮತ್ತೆ ತಂದರು. ಹಾಗಾಗಿ ಯಾರು ಬೇಕಾದರೂ ಓದಿ ನೋಡಬಹುದು.

ಶಾಸನ ಹೇಳೋದು ಇಷ್ಟು. ಶಕವರ್ಷ 1053, ವಿರೋಧಿಕೃತ್ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಸೋಮವಾರ, ಶಾಂತಲದೇವಿ ಶಿವಗಂಗೆಯ ತೀರ್ಥದಲ್ಲಿ ಮುಡಿಪಿ ಸ್ವರ್ಗಕ್ಕೆ ಹೋದಳು. ನಮ್ಮ ಲೆಕ್ಕದಲ್ಲಿ ಅದು 1131ನೇ ಇಸವಿ. ಯುಗಾದಿ ಕಳೆದು ನಾಲ್ಕು ದಿನ. ನಮ್ಮ ಬೆಟ್ಟದಲ್ಲೇ ಸತ್ತಿದ್ದು ನಿಜ, ದಿನ ವಾರ ಸಮೇತ ಇದೆ. ಆದರೆ ಹೆಂಗೆ ಸತ್ತಳು, ಯಾಕೆ ಸತ್ತಳು ಅಂತ ಅದರಲ್ಲಿಲ್ಲ. ಧುಮುಕಿದಳು ಅಂತಿಲ್ಲ. ಮಕ್ಕಳಿಲ್ಲ ಅನ್ನೋ ಕೊರಗಿತ್ತು ಅಂತಾನೂ ಇಲ್ಲ. 'ಮುಡಿಪಿ' ಅನ್ನೋ ಮಾತಿಗೆ ಪ್ರಾಣ ಬಿಟ್ಟು ಅಂತ ಅರ್ಥ. ಅದೇ ಶ್ರವಣಬೆಳಗೊಳದಲ್ಲಿ, ವ್ರತ ಹಿಡಿದು ಅನ್ನ ನೀರು ಬಿಟ್ಟು ದೇಹ ತ್ಯಜಿಸಿದ ಜೈನರ ಹಳೇ ಕಲ್ಲುಗಳ ಮೇಲೂ ಇದೇ ಪದ ಸಿಗುತ್ತೆ. ಶಾಂತಲೆಯೂ ಜೈನ ಧರ್ಮದವಳು, ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆ. ಅವಳದೂ ಹಾಗೇ ಆಯ್ತೋ, ಕಾಯಿಲೆಯೋ, ಕಲ್ಲು ಬಾಯಿ ಬಿಡಲ್ಲ.

ಕಲ್ಲು ಬಾಯಿ ಬಿಟ್ಟು ಹೇಳೋದು ಇನ್ನೊಂದಿದೆ. ಅದು ತಾಯಿ ವಿಚಾರ. ಶಾಂತಲೆಯ ತಾಯಿ ಮಾಚಿಕಬ್ಬೆ. ಮಗಳು ಹೋದ ಸುದ್ದಿ ಆದ ಮೇಲೆ, ರಾಣಿಯೇ ದೇವಲೋಕ ಸೇರಿದ ಮೇಲೆ ನಾನಿದ್ದು ಏನು ಅಂತ ಆ ತಾಯಿ ಬೆಳಗೊಳಕ್ಕೆ ಬಂದು, ಗುರುಗಳ ಎದುರಿಗೆ ವ್ರತ ಹಿಡಿದು, ಒಂದು ತಿಂಗಳು ಉಪವಾಸ ಮಾಡಿ ಪ್ರಾಣ ಬಿಟ್ಟಳು. ಇದನ್ನ ಓದಿ ಹೇಳಿದಾಗ ನಮ್ಮತ್ತೆ ಹುಣಸೆ ಬೀಜ ಅಲ್ಲೇ ಬಿಟ್ಟು ಸುಮ್ಮನೆ ಕೂತುಬಿಟ್ಟರು. ಆಮೇಲೆ, "ಬೆಟ್ಟದ ಮೇಲೆ ಅವರವ್ವನ ಸುದ್ದಿ ಯಾರೂ ಹೇಳಲ್ವಲ್ಲ" ಅಂದರು. ನಿಜ ಅಲ್ವಾ? ಕಲ್ಲಿನಲ್ಲಿ ಇರೋದು ಜನದ ಬಾಯಲ್ಲಿ ಉಳೀಲಿಲ್ಲ. ಜನದ ಬಾಯಲ್ಲಿ ಇರೋದು ಕಲ್ಲಿನಲ್ಲಿಲ್ಲ.

ಶಾಂತಲೆ ಸಂಸಾರವೂ ನೋಡೋ ಹಂಗಿತ್ತು. ತಂದೆ ಮಾರಸಿಂಗಯ್ಯ ಶಿವಭಕ್ತ. ತಾಯಿ ಜಿನಭಕ್ತೆ. ಗಂಡ ವಿಷ್ಣುವರ್ಧನ 1117ರಲ್ಲಿ ಬೇಲೂರಿನ ಚೆನ್ನಕೇಶವ ದೇವಸ್ಥಾನ ಕಟ್ಟಿಸಿದವನು. ಅದೇ ಅಂಗಳದಲ್ಲಿ ಇವಳು ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದಳು. ತನ್ನ ಧರ್ಮಕ್ಕೆ ಅಂತ 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ಕೊನೆಗೆ ಕಣ್ಣು ಮುಚ್ಚಿದ್ದು ನಮ್ಮ ಶಿವನ ಬೆಟ್ಟದಲ್ಲಿ. ಒಂದೇ ಮನೆಯಲ್ಲಿ ಮೂರು ದೇವರು, ಜಗಳ ಆಯ್ತು ಅಂತ ಅವಳ ಶಾಸನಗಳೇನೂ ಹೇಳಲ್ಲ.

ಆ ಬಸದಿ ಹೆಸರು 'ಸವತಿಗಂಧವಾರಣ'. ಅದು ಶಾಂತಲೆಗಿದ್ದ ಬಿರುದು. ಗಂಧವಾರಣ ಅಂದರೆ ಮದ್ದಾನೆ. ಸವತಿಯರ ಪಾಲಿಗೆ ಮದ್ದಾನೆಯಂಥವಳು ಅಂತ ಅರ್ಥ. ಇದಕ್ಕಂತೂ ನಮ್ಮ ಬೀದೀಲಿ ನಕ್ಕಿದ್ದೇ ನಕ್ಕಿದ್ದು. "ಅಷ್ಟೊಂದು ಸವತೀರಿದ್ದರೆ ಮದ್ದಾನೆ ಆಗದೆ ಇನ್ನೇನಾಗ್ತಾಳೆ" ಅಂದರು ಒಬ್ಬರು. ಆದರೆ ಯೋಚನೆ ಮಾಡಿ. ಅಂಥ ಹೆಸರನ್ನ ಬಸದಿಗೇ ಇಡಿಸಿದ ಹೆಂಗಸು, ಸವತಿಗೆ ಜಾಗ ಬಿಡೋಕೆ ಅಂತ ಬೆಟ್ಟದಿಂದ ಬಿದ್ದಳು ಅಂದರೆ ನಂಬೋದು ಕಷ್ಟ. ವಿಷ್ಣುವರ್ಧನನ ಆದಮೇಲೆ ಪಟ್ಟಕ್ಕೆ ಬಂದ ನರಸಿಂಹ ಲಕ್ಷ್ಮೀದೇವಿ ಅನ್ನೋ ಇನ್ನೊಬ್ಬ ರಾಣಿಯ ಮಗ. ಪಟ್ಟ ಶಾಂತಲೆ ಮಗನಿಗೆ ಬರಲಿಲ್ಲ, ಅಂದಮೇಲೆ ಮಕ್ಕಳೇ ಇರಲಿಲ್ಲ, ಅಂದಮೇಲೆ ಅದೇ ಕೊರಗಿಗೆ ಸತ್ತಳು. ಕಥೆ ಹಿಂಗೆ ಒಂದಕ್ಕೊಂದು ಗಂಟು ಹಾಕಿಕೊಂಡು ಬೆಳೆದಿರೋ ಹಂಗೆ ನನಗೆ ಕಾಣ್ಸುತ್ತೆ. ಮೊದಲನೇ ಗಂಟು ನಿಜ ಇರಬಹುದು. ಮಿಕ್ಕಿದ್ದು ನಾವು ಹಾಕಿದ್ದು.

ಹೆಂಗಸರು ಓದಿ, ಓದಿದ್ದಕ್ಕೆ ತಮ್ಮದೇ ಅಭಿಪ್ರಾಯ ಹೇಳೋದು ನಮ್ಮ ನಾಡಲ್ಲಿ ಸುಮ್ಮನೆ ಬಂದಿದ್ದಲ್ಲ ಕಣ್ರಮ್ಮ. ನಂಜನಗೂಡು ತಿರುಮಲಾಂಬ ಅಂತ ಒಬ್ಬ ಮಹಾತಾಯಿ. ಹುಟ್ಟಿದ್ದು 1887ರಲ್ಲಿ. ಹದಿನಾಲ್ಕಕ್ಕೇ ಗಂಡ ತೀರಿಹೋದ. ಆ ಕಾಲದಲ್ಲಿ ಅಂಥ ಹೆಣ್ಣುಮಗು ಮೂಲೆ ಸೇರಬೇಕು, ಅಷ್ಟೇ. ಆಯಮ್ಮ ಮೂಲೇಲಿ ಕೂತೇ ಓದಿ, ಬರೆದು, 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆ ಶುರು ಮಾಡಿ ತಾನೇ ಪುಸ್ತಕ ಹೊರತಂದಳು. ಆಮೇಲೆ 'ಕರ್ನಾಟಕ ನಂದಿನಿ' ಪತ್ರಿಕೆಯನ್ನೂ ನಡೆಸಿದಳು. ನಮ್ಮ ಬೆಂಗಳೂರಿನ ಆರ್. ಕಲ್ಯಾಣಮ್ಮ 1921ರಲ್ಲಿ 'ಸರಸ್ವತಿ' ಪತ್ರಿಕೆ ಶುರು ಮಾಡಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಸಿದರು. ಅಲ್ಲೀವರೆಗೂ ನಮ್ಮ ಕಡೆ ಭಾರತ ರಾಮಾಯಣ ಓದೋರು ಗಂಡಸರು, ಕಂಬದ ಮರೇಲಿ ಕೂತು ಕೇಳೋರು ಹೆಂಗಸರು. ಕೇಳಿದ್ದಕ್ಕೆ ತಲೆ ಆಡಿಸಬಹುದಿತ್ತು, "ಹಿಂಗಲ್ಲ" ಅನ್ನೋ ಹಂಗಿರಲಿಲ್ಲ. ಇವತ್ತು ನಮ್ಮ ಬೀದೀಲಿ ಒಬ್ಬಳು "ಈ ಪುಸ್ತಕ ನಂಗೆ ಒಪ್ಪಿಗೆ ಇಲ್ಲ" ಅಂತಾಳೆ ಅಂದರೆ ಅದರ ಹಿಂದೆ ಇಂಥವರ ದುಡಿಮೆ ಇದೆ.

ಈಗ, ಇಷ್ಟೆಲ್ಲ ಯಾಕೆ ಬರೆದೆ ಅಂತ ಹೇಳ್ತೀನಿ. ನಮ್ಮ ಬೀದೀಲಿ ಮದುವೆಯಾಗಿ ವರ್ಷಗಟ್ಟಲೆ ಆದರೂ ಮಕ್ಕಳಾಗದೋಳು ಒಬ್ಬಳಿದ್ದಾಳೆ. ಎಲ್ಲಾರಿಗಿಂತ ಬೇಗ ಎರಡೂ ಪುಸ್ತಕ ಓದಿ ಮುಗಿಸಿದ್ದು ಅವಳೇ. ಏನನ್ನಿಸ್ತು ಅಂತ ಕೇಳಿದ್ದಕ್ಕೆ ಹೂ ಕಟ್ತಾ ಕಟ್ತಾನೇ ಹೇಳಿದಳು. "ಅಕ್ಕ, ಒಬ್ರು ಮಕ್ಕಳಿಲ್ಲ ಅಂತ ಅವಳನ್ನ ಸಾಯಿಸಿದ್ರು. ಇನ್ನೊಬ್ರು ಮಕ್ಕಳು ಕೊಟ್ಟು ಕಾಪಾಡಿದ್ರು. ಮಕ್ಕಳಿಲ್ದೇನೂ ಚೆನ್ನಾಗಿ ಬಾಳಿದ್ಲು ಅಂತ ಯಾಕಕ್ಕ ಯಾರೂ ಬರೀಲಿಲ್ಲ?"

ಯಾರ ಬಾಯಿಂದಲೂ ಮಾತು ಬರಲಿಲ್ಲ. ಅಯ್ಯರ್ ಕಡೆಯ ಅತ್ತಿಗೆಯೂ ಸುಮ್ಮನಾದರು, ನಾಗರಾಜರಾವ್ ಕಡೆಯ ಅಕ್ಕನೂ ಸುಮ್ಮನಾದರು. ಇಬ್ಬರು ದೊಡ್ಡ ಬರಹಗಾರರೂ ಶಾಂತಲೆ ಮೇಲಿನ ಪ್ರೀತಿಯಿಂದಲೇ ಬರೆದವರು, ಅದರಲ್ಲಿ ಅನುಮಾನ ಇಲ್ಲ. ಆದರೆ ಅವಳ ಕೊನೆಯನ್ನ ತೂಗೋಕೆ ಇಬ್ಬರ ತಕ್ಕಡೀಲೂ ಮಕ್ಕಳ ಕಲ್ಲೇ ಬಿತ್ತು. ಅವಳ ಕಾಲದ ಶಾಸನ ಅವಳನ್ನ ತೂಗಿರೋದು ಬೇರೆ ಕಲ್ಲಿನಿಂದ: ಅವಳ ಭಕ್ತಿ, ಅವಳ ದಾನ, ಅವಳ ಹಾಡು ಕುಣಿತ, ಅವಳು ಕಟ್ಟಿಸಿದ ಗುಡಿ.

ಇದು ಬರೀ ಪುಸ್ತಕದ ಮಾತಾಗಿ ಉಳಿಯಲ್ಲ. ಬೆಟ್ಟದ ಅಂಚಿನಲ್ಲಿ ನಿಂತು "ಬಂಜೆ ಅಂತ ನೊಂದು ಬಿದ್ದಳು" ಅಂತ ಒಬ್ಬರು ಹೇಳುವಾಗ, ಆ ಗುಂಪಿನಲ್ಲಿ ಹರಕೆ ಹೊತ್ತು ಬಂದಿರೋ ಹೆಣ್ಣುಮಗಳು ಇರ್ತಾಳೆ. ಅವಳ ಕಿವಿಗೂ ಅದು ಬೀಳುತ್ತೆ. ರಾಣಿಯೇ ಹಂಗೆ ಮಾಡ್ಕೊಂಡಳು ಅಂದರೆ ನನ್ನಂಥೋಳ ಗತಿ ಏನು ಅಂತ ಅವಳ ಮನಸ್ಸಿಗೆ ಬರಲ್ವಾ?

ಅದಕ್ಕೇ ನನ್ನ ಮಾತು ಇಷ್ಟೇ. ನೆಂಟರು ಬಂದಾಗ, ಮಕ್ಕಳನ್ನ ಬೆಟ್ಟ ಹತ್ತಿಸುವಾಗ, ನಾವು ಗೊತ್ತಿರೋದನ್ನ ಹೇಳೋಣ. "1131ನೇ ಇಸವಿ, ಯುಗಾದಿ ಆದ ನಾಲ್ಕನೇ ದಿನ, ಹೊಯ್ಸಳರ ಪಟ್ಟದರಸಿ ಇಲ್ಲಿ ಪ್ರಾಣ ಬಿಟ್ಟಳು. ಗುಡಿ ಕಟ್ಟಿಸಿದೋಳು, ಕಲೆ ಬಲ್ಲೋಳು. ಮಗಳ ಹಿಂದೆಯೇ ತಾಯಿಯೂ ಹೋದಳು." ಇಷ್ಟು ಹೇಳಿದರೆ ಕಥೆ ಏನೂ ಚಿಕ್ಕದಾಗಲ್ಲ.

ಪುಸ್ತಕ ಎರಡನ್ನೂ ಓದಿ, ಕಲ್ಲಿನ ಮಾತು ತಿಳಿದುಕೊಂಡು ಓದಿ. ನಾಗರಾಜರಾವ್ ಪುಸ್ತಕ ಈಗ ಎದುರು ಮನೇಲಿದೆ, ಆಮೇಲೆ ಮೂಲೆ ಮನೆ ಚಿಕ್ಕಮ್ಮನ ಸರದಿ. ಪುಟದ ಮೂಲೆ ಮಡಚಬೇಡಿ, ಹೂವಿನ ದಾರ ಇಟ್ಟುಕೊಳ್ಳಿ. ಅದಾದ ಮೇಲೆ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ತರಿಸೋಣ ಅಂತ ಮಾತಾಗಿದೆ. ಅದು ಚಿಕ್ಕ ಪುಸ್ತಕ, ಯುಗಾದಿ ಹೋಳಿಗೆ ಗಲಾಟೆ ಒಳಗೂ ಓದಿ ಮುಗಿಸಬಹುದು.