ಕುದುರೆಮರಿಯ ಶ್ವಾಸಕೋಶರೋಗ: ಒಂದು ವೈರಸ್ಸಿನ ಇತಿಹಾಸ

ಅಮೆರಿಕದ ಕೆಂಟಕಿ ರಾಜ್ಯವು ಪಂದ್ಯದ ಕುದುರೆಗಳ ಸಾಕಣೆಗೆ ಹೆಸರಾದುದು. ಗಬ್ಬದ ಕುದುರೆಗಳು ಕಂದು ಹಾಕುವುದಕ್ಕೆ ಬ್ಯಾಕ್ಟೀರಿಯವೇ ಕಾರಣವೆಂದು ಅಲ್ಲಿ ಬಹುಕಾಲ ಭಾವಿಸಲಾಗಿತ್ತು. ಆದರೆ ಎಷ್ಟೋ ಭ್ರೂಣಗಳಲ್ಲಿ ಅದರ ಸುಳಿವೇ ಇರಲಿಲ್ಲ. 1930ರ ದಶಕದ ಆರಂಭದಲ್ಲಿ ಡಿಮಕ್ ಮತ್ತು ಎಡ್ವರ್ಡ್ಸ್ ಎಂಬ ವಿಜ್ಞಾನಿಗಳು, ಬ್ಯಾಕ್ಟೀರಿಯಗಳನ್ನು ತಡೆಯುವ ಶೋಧಕವನ್ನೂ ದಾಟಬಲ್ಲ ವೈರಸ್ಸೊಂದು ಇದರ ಮೂಲವೆಂದು ತೋರಿಸಿದರು. ದಿನ ತುಂಬುವ ಹೊತ್ತಿಗೆ ಸೋಂಕು ತಗುಲಿದ ಮರಿಯು ಜೀವಂತವಾಗಿ ಹುಟ್ಟುವುದುಂಟು. ಆದರೆ ಗರ್ಭದಲ್ಲಿಯೇ ರೋಗಗ್ರಸ್ತವಾದ ಶ್ವಾಸಕೋಶದಿಂದ ಏದುಸಿರುಬಿಡುತ್ತ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಅಸುನೀಗುತ್ತದೆ.

ಈ ಸೋಂಕು ತಾಯಿಗೆ ಎಲ್ಲಿಂದ ಬಂದಿತು? 1950ರ ದಶಕದಲ್ಲಿ ಕೆಂಟಕಿಯವರೇ ಆದ ಡಾಲ್ ಮತ್ತು ಅವರ ಸಹೋದ್ಯೋಗಿಗಳು, ಹಾಲು ಬಿಡಿಸಿದ ಮರಿಗಳಿಗೆ ಬರುವ ನೆಗಡಿಗೂ ಈ ಗರ್ಭನಾಶಕ್ಕೂ ಸಂಬಂಧವುಂಟೆಂದು ಸ್ಥಾಪಿಸಿದರು. ಒಂದೇ ಎಂದು ತಿಳಿದಿದ್ದ ಆ ವೈರಸ್ ಎರಡೆಂದು 1980ರ ದಶಕದಲ್ಲಿ ಸ್ಪಷ್ಟವಾಯಿತು: ಗರ್ಭನಾಶಕ್ಕೂ ನವಜಾತ ಮರಿಗಳ ಮರಣಕ್ಕೂ ಮುಖ್ಯ ಕಾರಣ ಕುದುರೆಯ ಹರ್ಪಿಸ್ ವೈರಸ್ 1, ಎಳೆಯ ಕುದುರೆಗಳ ಉಸಿರಾಟದ ಬೇನೆಗೆ ಹೆಚ್ಚಾಗಿ 4. ಎರಡೂ ದೇಹದಲ್ಲಿ ಅಡಗಿದ್ದು ಮರುಕಳಿಸಬಲ್ಲವು. ಲಸಿಕೆಯೊಂದೇ ಪೂರ್ಣ ರಕ್ಷಣೆಯಲ್ಲ. ಆದುದರಿಂದಲೇ ಗಬ್ಬದ ಕುದುರೆಗಳನ್ನು ಎಳೆಯ ಕುದುರೆಗಳಿಂದ ಬೇರೆಯಾಗಿರಿಸುವ ಪದ್ಧತಿ ನೆಲೆಗೊಂಡಿತು. ಹುಟ್ಟಿದ ಮೇಲೆ ಉಳಿಸಲಾಗದ ಮರಿಯನ್ನು ಹುಟ್ಟುವ ಮೊದಲೇ ಕಾಯಬೇಕೆಂಬುದು ಈ ಶೋಧನೆಗಳ ಫಲಿತಾಂಶ.