ಹಳೆಯ ಧ್ವನಿ ಟ್ರಾನ್ಸ್‌ಫಾರ್ಮರುಗಳ ಬಿಚ್ಚುವಿಕೆ ಮತ್ತು ಅಳತೆ: ವಿಲಿಯಮ್ಸನ್ ಆಂಪ್ಲಿಫೈಯರಿನ ನಿದರ್ಶನ

ಮೈಕೇಲ್ ಫ್ಯಾರಡೆ 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಯೊಂದಕ್ಕೆ ಎರಡು ತಂತಿ ಸುರುಳಿಗಳನ್ನು ಸುತ್ತಿ ನಡೆಸಿದ ಪ್ರಯೋಗದಿಂದ ಟ್ರಾನ್ಸ್‌ಫಾರ್ಮರಿನ ಇತಿಹಾಸ ಆರಂಭವಾಗುತ್ತದೆ. ಆ ಬಳೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ರಕ್ಷಿತವಾಗಿದೆ. ಅದರ ತಂತಿಯೂ ತಂತಿಯನ್ನು ಬೇರ್ಪಡಿಸುವ ಬಟ್ಟೆಯೂ ಕಣ್ಣಿಗೆ ಕಾಣುತ್ತವೆ. ಫ್ಯಾರಡೆಯ ದಿನಚರಿಯೂ ಸಂಶೋಧಕರಿಗೆ ದೊರೆಯುತ್ತದೆ. ವಸ್ತು ಮತ್ತು ಬರೆಹ ಹೀಗೆ ಒಂದಕ್ಕೊಂದು ಪೂರಕವಾಗಿ ಉಳಿದುಬಂದಿರುವುದು ತಂತ್ರಜ್ಞಾನದ ಇತಿಹಾಸದಲ್ಲಿ ಅಪರೂಪ. ಇಪ್ಪತ್ತನೆಯ ಶತಮಾನದ ಧ್ವನಿ ಟ್ರಾನ್ಸ್‌ಫಾರ್ಮರುಗಳ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅವುಗಳಲ್ಲಿ ಅನೇಕವು ಲೋಹದ ಡಬ್ಬಿಯೊಳಗೆ, ಡಾಂಬರಿನಂಥ ದ್ರವ್ಯದಲ್ಲಿ ಹುದುಗಿವೆ. ಸುರುಳಿಗಳನ್ನು ಯಾವ ಕ್ರಮದಲ್ಲಿ ಸುತ್ತಲಾಗಿದೆ ಎಂಬುದನ್ನು ತಯಾರಕರು ಸಾಮಾನ್ಯವಾಗಿ ವ್ಯಾಪಾರದ ಗುಟ್ಟಾಗಿ ಕಾಪಾಡಿಕೊಂಡರು. ಬರೆಹದ ಆಧಾರವಿಲ್ಲದೆಡೆ ವಸ್ತುವನ್ನೇ ಓದಬೇಕಾಗುತ್ತದೆ. ಆದರೆ ಪೂರ್ತಿಯಾಗಿ ಓದಬೇಕಾದರೆ ಅದನ್ನು ಬಿಚ್ಚಬೇಕು. ಬಿಚ್ಚಿದ ವಸ್ತು ಮತ್ತೆ ಮೊದಲಿನಂತಾಗದು. ಈ ಇಕ್ಕಟ್ಟಿನಲ್ಲಿ ಸಂಶೋಧಕನು ಅನುಸರಿಸಬೇಕಾದ ಕ್ರಮವನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಮಸ್ಯೆಯ ಸ್ವರೂಪ

ವಾಲ್ವ್ ಆಂಪ್ಲಿಫೈಯರಿನ ಕೊನೆಯ ಹಂತದ ವಾಲ್ವುಗಳಿಗೆ ಸಾವಿರಾರು ಓಮ್‌ಗಳ ಹೊರೆ ಬೇಕು. ಸ್ಪೀಕರಿನದು ಕೆಲವೇ ಓಮ್‌ಗಳು. ಇವೆರಡನ್ನೂ ಹೊಂದಿಸುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೆಲಸ. ಮಂದ್ರ ಸ್ವರಗಳು ಸರಿಯಾಗಿ ಹಾಯಬೇಕಾದರೆ ಪ್ರಾಥಮಿಕ ಸುರುಳಿಯ ಪ್ರೇರಕತ್ವ ಹೆಚ್ಚಿರಬೇಕು. ಅದಕ್ಕೆ ಸುತ್ತುಗಳು ಹೆಚ್ಚಬೇಕು. ತಾರ ಸ್ವರಗಳು ಹಾಯಬೇಕಾದರೆ ಎರಡು ಸುರುಳಿಗಳ ನಡುವಣ ಸೋರಿಕೆ ಪ್ರೇರಕತ್ವ ಕಡಿಮೆಯಿರಬೇಕು. ಸುತ್ತುಗಳು ಹೆಚ್ಚಿದಷ್ಟೂ ಅದು ಏರುತ್ತದೆ. ಪರಸ್ಪರ ವಿರುದ್ಧವಾದ ಈ ಎರಡು ಬೇಡಿಕೆಗಳ ನಡುವೆ ಸಾಧಿಸಿದ ಸಮನ್ವಯವೇ ಧ್ವನಿ ಟ್ರಾನ್ಸ್‌ಫಾರ್ಮರಿನ ವಿನ್ಯಾಸ ಎನ್ನಬಹುದು.

ಪ್ರಕಟಿತ ಆಕರ

ಈ ಸಮನ್ವಯದ ವಿವರವನ್ನು ಮುಚ್ಚಿಡದೆ ಪ್ರಕಟಿಸಿದವರಲ್ಲಿ ಡಿ. ಟಿ. ಎನ್. ವಿಲಿಯಮ್ಸನ್ ಪ್ರಮುಖರು. ಬ್ರಿಟನ್ನಿನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯ 1947ರ ಏಪ್ರಿಲ್ ಮತ್ತು ಮೇ ಸಂಚಿಕೆಗಳಲ್ಲಿ ಅವರ 15 ವ್ಯಾಟ್ ಆಂಪ್ಲಿಫೈಯರಿನ ವಿನ್ಯಾಸ ಬೆಳಕು ಕಂಡಿತು. ಅದರಲ್ಲಿ ಟ್ರಾನ್ಸ್‌ಫಾರ್ಮರನ್ನೂ ಒಳಗೊಂಡಂತೆ 20 ಡೆಸಿಬೆಲ್ ಋಣ ಫೀಡ್‌ಬ್ಯಾಕ್ ಇತ್ತು. ಅಂದರೆ ವರ್ಧನೆಯನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಿ, ಅದಕ್ಕೆ ಪ್ರತಿಯಾಗಿ ವಿಕೃತಿಯನ್ನು ತಗ್ಗಿಸಲಾಗಿತ್ತು. ಟ್ರಾನ್ಸ್‌ಫಾರ್ಮರು ಸಂಕೇತವನ್ನು ಹೆಚ್ಚು ಹಿಂದುಮುಂದಾಗಿಸಿದರೆ ಈ ಫೀಡ್‌ಬ್ಯಾಕ್ ತಿರುಗುಬಾಣವಾಗಿ ಆಂಪ್ಲಿಫೈಯರು ತಾನೇ ಕಂಪಿಸತೊಡಗುತ್ತದೆ. ಆದ್ದರಿಂದ ಟ್ರಾನ್ಸ್‌ಫಾರ್ಮರು ಕಿವಿಗೆ ಕೇಳುವ ಶ್ರೇಣಿಯಾಚೆಗೂ ನೇರವಾಗಿ ವರ್ತಿಸಬೇಕಾಗಿತ್ತು.

ವಿಲಿಯಮ್ಸನ್ ನಿಗದಿಪಡಿಸಿದ ಪ್ರಾಥಮಿಕ ಹೊರೆ 10,000 ಓಮ್. ಪ್ರಾಥಮಿಕ ಪ್ರೇರಕತ್ವ ಕನಿಷ್ಠ 100 ಹೆನ್ರಿ ಇರಬೇಕು, ಸೋರಿಕೆ 30 ಮಿಲಿಹೆನ್ರಿಯನ್ನು ಮೀರಬಾರದು. ಈ ಅಂಕಿಗಳ ಅರ್ಥವನ್ನು ಲೆಕ್ಕ ಹಾಕಿ ನೋಡಬಹುದು. 100 ಹೆನ್ರಿಯ ತಡೆ 10,000 ಓಮ್‌ಗೆ ಸಮನಾಗುವುದು ಸುಮಾರು 16 ಹರ್ಟ್ಜ್‌ನಲ್ಲಿ. 30 ಮಿಲಿಹೆನ್ರಿಯದು ಸುಮಾರು 53,000 ಹರ್ಟ್ಜ್‌ನಲ್ಲಿ.

ಇದನ್ನು ಸಾಧಿಸಿದ ಬಗೆ ಸುರುಳಿಯ ರಚನೆಯಲ್ಲಿದೆ. ತಿರುಳಿನ ಮೇಲೆ ಅಕ್ಕಪಕ್ಕದಲ್ಲಿ ಎರಡು ಸಮಾನ ಸುರುಳಿಗಳಿದ್ದು, ಒಂದನ್ನು ತಿರುಗಿಸಿ ಜೋಡಿಸಲಾಗಿದೆ. ಪ್ರತಿಯೊಂದರಲ್ಲಿಯೂ ಐದು ಪ್ರಾಥಮಿಕ ವಿಭಾಗಗಳು, ಅವುಗಳ ನಡುವೆ ನಾಲ್ಕು ದ್ವಿತೀಯಕ ವಿಭಾಗಗಳು. ಪ್ರತಿ ಪ್ರಾಥಮಿಕ ವಿಭಾಗದಲ್ಲಿ 88 ಸುತ್ತುಗಳ ಐದು ಪದರಗಳು, ತಂತಿ 30ನೆಯ ಗೇಜು. ಪ್ರತಿ ದ್ವಿತೀಯಕ ವಿಭಾಗದಲ್ಲಿ 29 ಸುತ್ತುಗಳ ಎರಡು ಪದರಗಳು, ತಂತಿ 19ನೆಯ ಗೇಜು. ಅಂದರೆ ಪ್ರಾಥಮಿಕದ ಒಟ್ಟು ಸುತ್ತುಗಳು 4,400. ದ್ವಿತೀಯಕದ ಒಂದು ವಿಭಾಗದವು 58. ಇವುಗಳ ಅನುಪಾತ ಸುಮಾರು 76. ಅದರ ವರ್ಗದಿಂದ 10,000ವನ್ನು ಭಾಗಿಸಿದರೆ ಒಂದು ವಿಭಾಗಕ್ಕೆ ವಿಲಿಯಮ್ಸನ್ ಕೊಟ್ಟ 1.7 ಓಮ್ ದೊರೆಯುತ್ತದೆ. ಹೀಗೆ ಸುತ್ತುಗಳ ಎಣಿಕೆಯೂ ವಿದ್ಯುತ್ತಿನ ಅಳತೆಯೂ ಪರಸ್ಪರ ತಾಳೆಯಾಗುತ್ತವೆ. ಎರಡು ಲಿಪಿಗಳಲ್ಲಿರುವ ಶಾಸನವು ಓದಲಾಗದ ಲಿಪಿಗೆ ಕೀಲಿಯಾಗುವಂತೆ, ಬರೆಹ ಮತ್ತು ವಸ್ತು ಎರಡೂ ಇರುವ ಈ ಟ್ರಾನ್ಸ್‌ಫಾರ್ಮರು ಬರೆಹವಿಲ್ಲದ ಉಳಿದವುಗಳನ್ನು ಓದುವ ವಿಧಾನಕ್ಕೆ ಒರೆಗಲ್ಲಾಗಿದೆ.

ಬಿಚ್ಚುವ ಮುನ್ನ

ಡಬ್ಬಿಯನ್ನು ತೆರೆಯದೆಯೇ ತಿಳಿಯಬಹುದಾದುದು ಬಹಳಷ್ಟಿದೆ. ಪ್ರಾಥಮಿಕಕ್ಕೆ ಅಲ್ಪ ಪ್ರಮಾಣದ ಪರ್ಯಾಯ ವಿದ್ಯುತ್ ನೀಡಿ ಇತರ ತುದಿಗಳ ವೋಲ್ಟೇಜನ್ನು ಅಳೆದರೆ ಸುತ್ತುಗಳ ಅನುಪಾತ ತಿಳಿಯುತ್ತದೆ. ದ್ವಿತೀಯಕದ ತುದಿಗಳನ್ನು ಒಂದಕ್ಕೊಂದು ಸೇರಿಸಿ ಪ್ರಾಥಮಿಕವನ್ನು ಅಳೆದರೆ ಸೋರಿಕೆ ದೊರೆಯುತ್ತದೆ. 1951ರಲ್ಲಿ ಡೇವಿಡ್ ಹ್ಯಾಫ್ಲರ್ ಮತ್ತು ಹರ್ಬರ್ಟ್ ಕೆರೋಸ್ ಪ್ರಚಾರಕ್ಕೆ ತಂದ 'ಅಲ್ಟ್ರಾ-ಲೀನಿಯರ್' ವಿನ್ಯಾಸದ ಟ್ರಾನ್ಸ್‌ಫಾರ್ಮರನ್ನೂ ಹೀಗೆಯೇ ಗುರುತಿಸಬಹುದು: ಪ್ರಾಥಮಿಕದ ಅರ್ಧಭಾಗಕ್ಕೆ 10 ವೋಲ್ಟ್ ಕೊಟ್ಟಾಗ ನಡುಬಿಂದುವಿಗೂ ಕವಲು ತಂತಿಗೂ ನಡುವೆ 4.3 ವೋಲ್ಟ್ ತೋರಿದರೆ ಅದು ಅವರು ಸೂಚಿಸಿದ ಶೇಕಡಾ 43ರ ಕವಲು. ಆದರೆ ಕವಲಿನ ಕಲ್ಪನೆ ಅಲನ್ ಬ್ಲಮ್ಲೀನ್ ಅವರ 1937ರ ಪೇಟೆಂಟಿನಲ್ಲಿಯೇ ಇರುವುದರಿಂದ, ಕವಲು ಇದೆಯೆಂಬ ಒಂದೇ ಕಾರಣದಿಂದ ವಸ್ತುವಿನ ಕಾಲವನ್ನು ನಿರ್ಣಯಿಸುವುದು ಸಾಧುವಲ್ಲ.

ಅಳತೆಯ ಜೊತೆಗೆ ಅಳೆದ ಸ್ಥಿತಿಯನ್ನೂ ದಾಖಲಿಸುವುದು ಅತ್ಯಗತ್ಯ. ಕಬ್ಬಿಣದ ಕಾಂತೀಯ ಗುಣ ಸಂಕೇತದ ಪ್ರಮಾಣಕ್ಕೆ ತಕ್ಕಂತೆ ಬದಲಾಗುವುದರಿಂದ ಒಂದೇ ಸುರುಳಿ ಬೇರೆ ಬೇರೆ ವೋಲ್ಟೇಜುಗಳಲ್ಲಿ ಬೇರೆ ಬೇರೆ ಪ್ರೇರಕತ್ವ ತೋರುತ್ತದೆ. ವಿಲಿಯಮ್ಸನ್ನರ 100 ಹೆನ್ರಿ 50 ಹರ್ಟ್ಜ್, 5 ವೋಲ್ಟ್ ಸ್ಥಿತಿಗೆ ಹೇಳಿದ ಅಂಕಿ. ಇಂದಿನ ಕೈಮಾಪಕವೊಂದು ಅದಕ್ಕಿಂತ ಕಡಿಮೆ ವೋಲ್ಟೇಜಿನಲ್ಲಿ, ಬೇರೆ ಕಂಪನಾಂಕದಲ್ಲಿ ತೋರುವ ಅಂಕಿಯನ್ನು ಅದರೊಡನೆ ಹೋಲಿಸಿ ಟ್ರಾನ್ಸ್‌ಫಾರ್ಮರು ಕೆಟ್ಟಿದೆಯೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಇಂಥ ತಪ್ಪು ತೀರ್ಮಾನದಿಂದ ಸುಸ್ಥಿತಿಯ ವಸ್ತುವೊಂದು ಅನಗತ್ಯವಾಗಿ ಬಿಚ್ಚುವ ಮೇಜಿಗೆ ಬರುವ ಅಪಾಯವಿದೆ.

ಬಿಚ್ಚಿದಾಗ

ಹೊರಗಿನ ಅಳತೆಗೆ ನೇರವಾಗಿ ಸಿಗದ ಸಂಗತಿಗಳು ನಾಲ್ಕು: ವಿಭಾಗಗಳ ಅನುಕ್ರಮ, ತಂತಿಯ ಗೇಜು, ಪದರಗಳ ನಡುವಣ ಕಾಗದ ಮತ್ತು ಬಟ್ಟೆಯ ದಪ್ಪ, ತಿರುಳಿನ ತಗಡುಗಳ ಜೋಡಣೆ. ತಗಡುಗಳು ಒಂದು ಬಿಟ್ಟು ಒಂದರಂತೆ ಎದುರುಬದುರಾಗಿ ಹೆಣೆದಿದ್ದರೆ ಅದು ಸಾಮಾನ್ಯವಾಗಿ ಜೋಡಿ ವಾಲ್ವುಗಳ ಆಂಪ್ಲಿಫೈಯರಿಗೆ ಮಾಡಿದ್ದು. ಒಂದೇ ದಿಕ್ಕಿಗೆ ಜೋಡಿಸಿ ಸಂದಿನಲ್ಲಿ ಕಾಗದವಿಟ್ಟಿದ್ದರೆ ನೇರ ವಿದ್ಯುತ್ತನ್ನೂ ಹೊರುವ ಒಂಟಿ ವಾಲ್ವಿಗೆ ಮಾಡಿದ್ದು. ಸುರುಳಿಯನ್ನು ಹೊರಗಿನಿಂದ ಒಳಕ್ಕೆ ಪದರ ಪದರವಾಗಿ ಬಿಚ್ಚುತ್ತ ಸುತ್ತುಗಳನ್ನು ಎಣಿಸಿ, ಪ್ರತಿ ಹಂತದಲ್ಲಿಯೂ ಛಾಯಾಚಿತ್ರ ತೆಗೆದು, ತಂತಿಯನ್ನು ಮೈಕ್ರೋಮೀಟರಿನಿಂದ ಅಳೆಯಬೇಕು. 30ನೆಯ ಗೇಜಿನ ಬರಿಯ ತಾಮ್ರದ ವ್ಯಾಸ 0.315 ಮಿಲಿಮೀಟರ್, ಎನಾಮೆಲ್ ಲೇಪವನ್ನು ತೆಗೆಯದೆ ಅಳೆದರೆ ಗೇಜಿನ ನಿರ್ಣಯ ತಪ್ಪುತ್ತದೆ.

ತೆರೆದ ಪೆಟ್ಟಿಗೆಯನ್ನು ಮರಳಿ ಮುಚ್ಚಬಹುದು. ಮೊದಲಿನ ಸ್ಥಿತಿಗೆ ತರಲಾಗದು. ತಗಡುಗಳನ್ನು ಬಾಗಿಸಿದರೆ ಅವುಗಳ ಕಾಂತೀಯ ಗುಣ ಕುಗ್ಗುತ್ತದೆ. ಮರುಜೋಡಣೆಯಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಪ್ರೇರಕತ್ವ ಇಳಿಯುತ್ತದೆ. ಬಿಚ್ಚಿದ ನಂತರದ ಅಳತೆ ಮೂಲ ವಸ್ತುವಿನ ಅಳತೆಯಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಸಮಾರೋಪ

ಆದ್ದರಿಂದ ತಂತಿ ಕಡಿದು ಕೆಲಸಕ್ಕೆ ಬಾರದಾದ ಟ್ರಾನ್ಸ್‌ಫಾರ್ಮರುಗಳನ್ನು ಮಾತ್ರ ಬಿಚ್ಚಿ, ಅದೇ ಮಾದರಿಯ ಸುಸ್ಥಿತಿಯವುಗಳನ್ನು ಹೊರಗಿನಿಂದ ಅಳೆದು, ಎರಡನ್ನೂ ತಾಳೆ ನೋಡುವುದು ಉಚಿತ ಮಾರ್ಗ. ಶಾಸನದ ಅಚ್ಚು ತೆಗೆಯುವವರು ಕಲ್ಲಿಗೆ ಧಕ್ಕೆ ತಾರದೆ ಅಕ್ಷರವನ್ನು ಉಳಿಸಿಕೊಳ್ಳುತ್ತಾರೆ. ಇಲ್ಲಿ ಆ ಅನುಕೂಲವಿಲ್ಲ. ಅಕ್ಷರವನ್ನು ಓದುತ್ತಿದ್ದಂತೆಯೇ ಕಲ್ಲು ಕರಗುತ್ತದೆ. ಬಿಚ್ಚಿದವನು ಬರೆದಿಟ್ಟುದೇ ಮುಂದಿನವರಿಗೆ ಉಳಿಯುವ ಏಕೈಕ ಆಕರ. ವಿಲಿಯಮ್ಸನ್ ತಮ್ಮ ಟ್ರಾನ್ಸ್‌ಫಾರ್ಮರಿನ ಪ್ರತಿಯೊಂದು ಪದರವನ್ನೂ ಪ್ರಕಟಿಸಿದ್ದರಿಂದ ಅದನ್ನು ಅರಿಯಲು ಇಂದು ಒಂದನ್ನೂ ನಾಶಮಾಡಬೇಕಾಗಿಲ್ಲ. ಬರೆಹವಿಲ್ಲದ ವಸ್ತುವನ್ನು ಬಿಚ್ಚುವ ಸಂಶೋಧಕನ ಮೇಲೂ ಅಷ್ಟೇ ನಿಖರವಾದ ದಾಖಲೆಯನ್ನು ಬಿಟ್ಟುಹೋಗುವ ಹೊಣೆಯಿದೆ.