ತಪ್ಪಿಹೋದ ಒಂದು ಯುದ್ಧ



ಒಂದೇ ಒರೆಯಲ್ಲಿ ಎರಡು ಕತ್ತಿಗಳು ಇರಲಾರವು ಎಂಬ ಗಾದೆಯನ್ನು ನೀವು ಕನ್ನಡದಲ್ಲೂ ಉರ್ದುವಿನಲ್ಲೂ ಕೇಳಿರುತ್ತೀರಿ. ಬಲಾಢ್ಯ ರಾಷ್ಟ್ರದ ಎದುರು ಇನ್ನೊಂದು ರಾಷ್ಟ್ರ ಬೆಳೆದು ನಿಂತರೆ ಯುದ್ಧ ಖಂಡಿತ ಎನ್ನುವವರೂ ಇದ್ದಾರೆ. ಆದರೆ ಬ್ರಿಟನ್ ಮತ್ತು ಅಮೆರಿಕದ ಇತಿಹಾಸ ಬೇರೆಯೇ ಪಾಠ ಹೇಳುತ್ತದೆ.

1895ರಲ್ಲಿ ಬ್ರಿಟನ್ ಸಮುದ್ರಗಳ ಒಡೆಯ. ಅಮೆರಿಕವಾದರೋ ಕೈಗಾರಿಕೆಯಲ್ಲಿ ಅದನ್ನು ಹಿಂದೆ ಹಾಕಿತ್ತು. ಆಗ ದಕ್ಷಿಣ ಅಮೆರಿಕದಲ್ಲಿ ವೆನೆಜುವೆಲಾ ಮತ್ತು ಬ್ರಿಟಿಷ್ ಗಯಾನಾ ನಡುವೆ ಗಡಿ ತಕರಾರು ಇತ್ತು. ಇದನ್ನು ಪಂಚಾಯಿತಿಗೆ ಒಪ್ಪಿಸಿ ಎಂದು ಅಮೆರಿಕ ಪಟ್ಟು ಹಿಡಿಯಿತು. ಬ್ರಿಟಿಷ್ ಪ್ರಧಾನಿ ಲಾರ್ಡ್ ಸಾಲಿಸ್ಬರಿ ನಿರಾಕರಿಸಿದರು. ಡಿಸೆಂಬರ್ 17ರಂದು ಅಧ್ಯಕ್ಷ ಕ್ಲೀವ್‌ಲ್ಯಾಂಡ್, ಗಡಿಯನ್ನು ತಮ್ಮ ಆಯೋಗವೇ ನಿರ್ಧರಿಸುವುದೆಂದೂ, ಅದನ್ನು ಮೀರಿದರೆ ಅಮೆರಿಕ ಪ್ರತಿರೋಧಿಸುವುದೆಂದೂ ಘೋಷಿಸಿದರು. ಯುದ್ಧದ ಮಾತು ಹಬ್ಬಿತು.

ಕೆಲವೇ ದಿನಗಳಲ್ಲಿ ಬ್ರಿಟನ್ನಿಗೆ ಇನ್ನೊಂದು ತಲೆನೋವು ಬಂತು. ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲ್ ಮೇಲೆ ಜೇಮ್ಸನ್ ನಡೆಸಿದ ದಾಳಿ ವಿಫಲವಾಯಿತು. 1896ರ ಜನವರಿ 3ರಂದು ಜರ್ಮನಿಯ ಚಕ್ರವರ್ತಿ ವಿಲ್ಹೆಲ್ಮ್, ಟ್ರಾನ್ಸ್‌ವಾಲ್ ಅಧ್ಯಕ್ಷ ಕ್ರೂಗರ್‌ಗೆ ಅಭಿನಂದನೆಯ ತಂತಿ ಕಳುಹಿಸಿದ. ಎಲ್ಲರನ್ನೂ ಎದುರು ಹಾಕಿಕೊಳ್ಳುವುದು ಜಾಣತನವಲ್ಲವೆಂದು ಲಂಡನ್ ಅರಿಯಿತು; ಪಂಚಾಯಿತಿಗೆ ಒಪ್ಪಿತು. 1897ರಲ್ಲಿ ಒಪ್ಪಂದವಾಯಿತು. 1899ರಲ್ಲಿ ಪ್ಯಾರಿಸ್‌ನಲ್ಲಿ ಬಂದ ತೀರ್ಪಿನಲ್ಲಿ ಹೆಚ್ಚಿನ ಭೂಮಿ ಬ್ರಿಟನ್ನಿಗೇ ದಕ್ಕಿತು! ಹಟ ಬಿಟ್ಟದ್ದರಿಂದ ಅದು ಕಳೆದುಕೊಂಡದ್ದು ಅಲ್ಪ. ಮುಂದೆ 1901ರಲ್ಲಿ ಮಧ್ಯ ಅಮೆರಿಕದ ಕಾಲುವೆಯನ್ನು ಅಮೆರಿಕವೊಂದೇ ಕಟ್ಟಬಹುದೆಂದು ಒಪ್ಪಿತು. 1903ರ ಅಲಾಸ್ಕಾ ಗಡಿ ವಿವಾದದಲ್ಲಿ ಬ್ರಿಟಿಷ್ ನ್ಯಾಯಾಧೀಶರೇ ಅಮೆರಿಕದ ಪರ ಮತ ಹಾಕಿದರು.

ಇಂಥ ಹೊಂದಾಣಿಕೆ ಜರ್ಮನಿಯೊಂದಿಗೆ ಸಾಧ್ಯವಾಗಲಿಲ್ಲ. ಬ್ರಿಟನ್ನಿನ ಮನೆಬಾಗಿಲಲ್ಲೇ ಜರ್ಮನಿ ಯುದ್ಧನೌಕೆಗಳನ್ನು ಕಟ್ಟುತ್ತಾ ಹೋಯಿತು. 1912ರ ಮಾತುಕತೆಯೂ ಮುರಿದುಬಿತ್ತು. 1914ರಲ್ಲಿ ಏನಾಯಿತೆಂದು ನೀವೇ ಬಲ್ಲಿರಿ.

ಹಾಗಾದರೆ ಬ್ರಿಟನ್ ಮತ್ತು ಅಮೆರಿಕದ ಶಾಂತಿಗೆ ಬೆಲೆ ತೆತ್ತವರು ಯಾರೂ ಇಲ್ಲವೇ? ಇದ್ದಾರೆ. ಪ್ಯಾರಿಸ್‌ನ ಐವರು ತೀರ್ಪುಗಾರರಲ್ಲಿ ಇಬ್ಬರು ಬ್ರಿಟಿಷರು, ಇಬ್ಬರು ಅಮೆರಿಕನ್ನರು, ಒಬ್ಬರು ರಷ್ಯದವರು. ವೆನೆಜುವೆಲಾದವರು ಒಬ್ಬರೂ ಇರಲಿಲ್ಲ. 1962ರಲ್ಲಿ ಆ ದೇಶ ತೀರ್ಪು ಅಸಿಂಧುವೆಂದು ವಾದಿಸಿತು. 2018ರಲ್ಲಿ ಸ್ವತಂತ್ರ ಗಯಾನಾ ಈ ವಿವಾದವನ್ನು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ದಿತು. ದೊಡ್ಡವರ ರಾಜಿಯಲ್ಲಿ ಚಿಕ್ಕವರಿಗೂ ಕುರ್ಚಿ ಇರಬೇಕು. ಇಲ್ಲದಿದ್ದರೆ ಜಗಳ ಮುಗಿಯುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೇ.

ಶಿಕ್ಷಕರಾದ ನಾವು ಪ್ರಶ್ನೆಪತ್ರಿಕೆಗಳಲ್ಲಿ ನಡೆದ ಯುದ್ಧಗಳ ಇಸವಿಯನ್ನಷ್ಟೇ ಕೇಳುತ್ತೇವೆ. ತಪ್ಪಿಹೋದ ಯುದ್ಧಗಳ ಇಸವಿಯನ್ನೂ ಮಕ್ಕಳಿಗೆ ಕಲಿಸೋಣವೇ?